ಎಣ್ಣೆ ಇಡುವ ಕೈ

ಕುಷ್ಟಗಿ
೨೨ ಅಕ್ಟೋಬರ್ ೨೦೨೫, ಬುಧವಾರ

ಅತ್ತಿಗೆ ರೇಣುಕಮ್ಮನವರಿಗೆ,

ನೀವೆಲ್ಲ ಎಷ್ಟು ಚೆನ್ನಾಗಿದ್ದೀರಿ ಎಂಬುದನ್ನು ಫೋಟೋದಲ್ಲಿ ನೋಡಿದ್ದೇನೆ, ಅದಕ್ಕೇ ಕೇಳುವುದಿಲ್ಲ. ನಿಮ್ಮ ನಂಬರ್, ಅಣ್ಣನ ನಂಬರ್ ಎರಡನ್ನೂ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಾದರೆ ನೀವು ನಿಮ್ಮ ನಾಲ್ಕು ಮಾತು ಹೇಳಿ ನನ್ನ ಮಾತು ಬರುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಈ ಕಾಗದವನ್ನು ಕಂಡಕ್ಟರ್ ಮದಾರಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಗಂಗಾವತಿ ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಇಡುತ್ತಾನೆ. ಉತ್ತರ ಬರೆಯುವ ಮುಖವಿದ್ದರೆ ಅಲ್ಲೇ ಕೊಡಿ.

ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ವರ್ಷ ತುಂಬುವತನಕ ಆ ಮನೆಯ ಒಲೆಯ ಮೇಲೆ ಎಣ್ಣೆ ಬಾಣಲೆ ಏರಬಾರದು, ಹಬ್ಬಕ್ಕೆ ತಿನ್ನುವುದನ್ನು ಮನೆಯ ಮಗಳೇ ಹೊತ್ತುಕೊಂಡು ಬರಬೇಕು. ಇದನ್ನು ನಿಮಗೆ ನಾನು ಹೇಳಿಕೊಡಬೇಕೆ? ಹಾಸ್ಟೆಲಿನ ಅಡುಗೆಗೆ ಬೇರೆಯವಳನ್ನು ನಿಲ್ಲಿಸಿ, ಶನಿವಾರ ಇಡೀ ದಿನ ಒಲೆ ಮುಂದೆ ಕೂತು ಚಕ್ಕುಲಿ, ಶಂಕರಪೋಳಿ, ಉಂಡಿ ಮಾಡಿದೆ. ಭಾನುವಾರ ಮಧ್ಯಾಹ್ನ ಎರಡು ಡಬ್ಬಿ ಹಿಡಿದು ಬಸ್ಸಿನಲ್ಲಿ ಕೂತೆ. ಬಸ್ ಇನ್ನೂ ಬಿಟ್ಟಿರಲಿಲ್ಲ. ನಿಮ್ಮ ಮಗಳು ಸುಕನ್ಯಾಳ ಸ್ಟೇಟಸ್ ತೆಗೆದರೆ ಮೆಹಬೂಬಬೀಯ ಬಿಸ್ಕೀಟು ಭಟ್ಟಿಯ ಮುಂದೆ ನೀವು ಮೂವರೂ ಹಲ್ಲು ಬಿಟ್ಟುಕೊಂಡು ನಿಂತಿದ್ದೀರಿ. ಕೈಯಲ್ಲಿ ತಗಡು ತುಂಬಾ ಬಿಸ್ಕೀಟು. ಕೆಳಗೆ ಬರೆದಿದ್ದಾಳೆ, ‘ಮನೆಮಂದಿಯೆಲ್ಲ ಕೂಡಿದ ದಿನ, ದೇವರಿಗೆ ಋಣಿ’ ಅಂತ.

ಯಾವುದಕ್ಕೆ ಋಣಿ? ಮುದುಕಿ ಹೋದಳು, ಮನೆ ಖಾಲಿ ಆಯಿತು ಅಂತಲೇ?

ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಸ್ಕೀಟಿನ ಮೇಲೆ ಹೆಬ್ಬೆರಳಿನ ಗುಳಿ ಇದೆ. ಭಟ್ಟಿಯಲ್ಲಿ ಒಬ್ಬರ ತಗಡು ಒಬ್ಬರಿಗೆ ಹೋಗಬಾರದೆಂದು ಒಂದೊಂದು ಮನೆಯವರು ಒಂದೊಂದು ಗುರುತು ಒತ್ತುತ್ತಾರೆ. ಹೆಬ್ಬೆರಳು ನನ್ನವ್ವನ ಗುರುತು. ಅದನ್ನು ಹಾಕಲು ನಿಮಗೆ ಯಾರು ಹೇಳಿದರು? ನಾನು ಬಸ್ಸಿನಿಂದ ಇಳಿದೆ. ಮದಾರಸಾಬ, "ಯಾಕಬೇ ಯಕ್ಕಾ, ಬರಂಗಿಲ್ಲೇನು?" ಅಂದ. ಇಲ್ಲ ಅಂದೆ. ಡಬ್ಬಿಗಳನ್ನು ಹಾಸ್ಟೆಲಿನ ಹುಡುಗಿಯರಿಗೆ ಹಂಚಿದೆ. ಅವರಾದರೂ ಬಾಯಿ ತುಂಬ ತಿಂದರು.

ಅನುಸೂಯಾ


ಗಂಗಾವತಿ
೨೫ ಅಕ್ಟೋಬರ್ ೨೦೨೫

ಅನುಸೂಯಾ ಅವರಿಗೆ,

ಇಪ್ಪತ್ತು ವರ್ಷ ‘ನೀನು’ ಅಂದಿದ್ದೆ. ನೀವು ಕೋರ್ಟಿನಿಂದ ನೋಟೀಸು ಬಂದ ಹಾಗೆ ಬರೆದಿದ್ದೀರಿ, ಆದ್ದರಿಂದ ಇನ್ನು ನಾನೂ ‘ನೀವು’ ಅನ್ನುತ್ತೇನೆ. ನಾನು ಏಳನೆಯ ಇಯತ್ತೆ ಓದಿದವಳು, ತಪ್ಪು ಇದ್ದರೆ ತಿದ್ದಿಕೊಳ್ಳಿ.

ನಮ್ಮ ಮನೆಯ ಒಲೆಯ ಮೇಲೆ ಎಣ್ಣೆ ಏರಿಲ್ಲ. ಒಗ್ಗರಣೆಗೆ ಬಿಟ್ಟು ಬೇರೆ ಯಾವುದಕ್ಕೂ ಬಾಟಲಿ ಮುಚ್ಚಳ ತೆಗೆದಿಲ್ಲ. ನಿಮ್ಮಣ್ಣ ಹುಲಿಗೆಪ್ಪ ಮಿರ್ಚಿ ಭಜಿ ತಿನ್ನದೆ ಹನ್ನೊಂದು ತಿಂಗಳಾಯಿತು, ಮಿಲ್ಲಿನಲ್ಲಿ ಉಳಿದ ಹಮಾಲರು ಚಹಾದ ಜೊತೆ ತರಿಸಿಕೊಂಡು ತಿಂದರೆ ಇವರು ಎದ್ದು ಹೊರಗೆ ಹೋಗುತ್ತಾರೆ. ಭಟ್ಟಿ ಬೇರೆ, ಬಾಣಲೆ ಬೇರೆ. ಭಟ್ಟಿ ನಮ್ಮ ಮನೆಯದಲ್ಲ, ಬೆಂಕಿ ನಮ್ಮದಲ್ಲ, ಕರಿದದ್ದೂ ಅಲ್ಲ. ಓಣಿಯಲ್ಲಿ ಹಿರಿಯನಾದ ಓಬಳೆಪ್ಪನನ್ನು ಕೇಳಿಯೇ ಹೋದೆ. ಅವನು "ಭಟ್ಟಿಗೆ ದೋಷ ಇಲ್ಲ ಹೋಗವಾ" ಅಂದ.

ಆ ಭಾನುವಾರ ನಾವೇನು ಜಾತ್ರೆ ಮಾಡಲಿಲ್ಲ. ಬೆಳಗ್ಗೆ ರೇಶನ್ ಪಾಳಿ, ಅಲ್ಲಿಂದ ಗಿರಣಿಗೆ ಗೋಧಿ, ಅಲ್ಲಿಂದ ಗ್ಯಾಸಿನ ಸಿಲಿಂಡರ್, ಸುಕನ್ಯಾಳ ಕುಪ್ಪಸ ಟೇಲರ್ ಹತ್ತಿರ. ಇವರಿಗೆ ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಮಿಲ್ಲು ಬಂದ್ ಇತ್ತು, ಸಿಲಿಂಡರ್ ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಹಿಂದೆ ಹಿಂದೆ ಬಂದರು. ಭಟ್ಟಿಯ ಮುಂದೆ ನಾಲ್ಕು ತಾಸು ಪಾಳಿ ಕೂತೆವು. ಬಿಸಿ ತಗಡು ಹೊರಗೆ ಬಂದಾಗ ಹುಡುಗಿ ಫೋಟೋ ತೆಗೆದಳು. ಅಪ್ಪ, ಅವ್ವ, ತಾನು ಮೂವರೂ ಹಗಲು ಹೊತ್ತಿನಲ್ಲಿ ಒಂದು ಕಡೆ ನಿಂತಿದ್ದು ಅವಳಿಗೆ ದೊಡ್ಡದಾಯಿತು. ಅದಕ್ಕೆ ಋಣಿ ಅಂದಿದ್ದಾಳೆ. ಅದರಲ್ಲಿ ನೀವು ಅತ್ತೆಯ ಹೆಣ ಕಂಡಿರಿ.

ಬಿಸ್ಕೀಟು ಯಾರಿಗೆ ಅಂತ ನೀವು ಕೇಳಲಿಲ್ಲ, ನಾನು ಹೇಳುವುದಿಲ್ಲ.

ಈಗ ಕೆಲಸದ ಮಾತು. ನವೆಂಬರ್ ಇಪ್ಪತ್ತಮೂರು ಭಾನುವಾರ ಅತ್ತೆಯ ವರ್ಷ ತುಂಬುತ್ತದೆ. ಅವತ್ತು ಮನೆಯ ಮಗಳು ಬಂದು ಒಲೆಯ ಮೇಲೆ ಎಣ್ಣೆ ಇಟ್ಟು ಕರ್ಚಿಕಾಯಿ ಕರಿದರೆ ಮಾತ್ರ ನಮ್ಮ ಮನೆತನದಲ್ಲಿ ಶುಭಕಾರ್ಯಕ್ಕೆ ದಾರಿ. ಅತ್ತೆಗೆ ನೀವೊಬ್ಬರೇ ಮಗಳು. ಸಿದ್ದಾಪುರದ ಹುಡುಗನ ಮನೆಯವರು ಮೂವತ್ತಕ್ಕೆ ಸುಕನ್ಯಾಳ ನಿಶ್ಚಯಕ್ಕೆ ಬರುತ್ತಾರೆ. ನನ್ನ ಮುಖ ನೋಡಬೇಡಿ. ನಿಮ್ಮ ಸೋದರಸೊಸಿಯ ಮುಖ ನೋಡಿ ಬನ್ನಿ.

ರೇಣುಕಮ್ಮ


ಕುಷ್ಟಗಿ
೨೯ ಅಕ್ಟೋಬರ್ ೨೦೨೫

ಅತ್ತಿಗೆಯವರಿಗೆ,

ನಾನು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾಗದದ ಕೊನೆತನಕ ನಿಮ್ಮನ್ನು ಕಾಯಿಸುವುದು ಬೇಡ.

ವರ್ಷದೊಳಗೆ ಬಿಸ್ಕೀಟು ಬೇಯಿಸಲು ನಿಮಗೆ ಓಬಳೆಪ್ಪನ ಮಾತು ಸಾಕಾಯಿತು. ಎಣ್ಣೆ ಇಡುವುದಕ್ಕೂ ಅವನನ್ನೇ ಕೇಳಿ. ಬಿಸ್ಕೀಟಿಗೆ ಹಾಕಿದ ಡಾಲ್ಡಾ ಎಣ್ಣೆಯಲ್ಲವೇ? ಅದು ಕೆರೆಯ ನೀರೇ? ನಿಮಗೆ ಬೇಕಾದಾಗ ರೀತಿ ಸಡಿಲ, ನನ್ನಿಂದ ಕೆಲಸ ಆಗಬೇಕಾದಾಗ ಬಿಗಿ.

ನಾನು ತವರಿಗೆ ಬಂದಾಗೆಲ್ಲ ಏನಾಗುತ್ತಿತ್ತು ಎಂಬುದು ನನಗೆ ನೆನಪಿದೆ. ಬಂದು ಚಹಾ ಕುಡಿಯುವಷ್ಟರಲ್ಲಿ ಅವ್ವ, "ನಾಕರ ಬಸ್ಸಿಗಿ ಹೋಗವಾ, ನಿನಗ ಹೊತ್ತಾಗ್ತೈತಿ" ಅನ್ನುತ್ತಿದ್ದಳು. ಹೆತ್ತ ಮಗಳನ್ನು ಯಾವ ತಾಯಿ ಹಾಗೆ ದಬ್ಬುತ್ತಾಳೆ? ಅದು ಅವಳ ಮಾತಲ್ಲ, ಅಡುಗೆಮನೆಯಿಂದ ನೀವು ಹೇಳಿಕೊಟ್ಟ ಮಾತು. ನನಗೆ ಒಂದು ರಾತ್ರಿಯ ಚಾಪೆ ಹಾಸುವುದು ನಿಮಗೆ ಭಾರವಾಗಿತ್ತು. ಹಾಗಂತಲೇ ನಾನು ಬರುವುದನ್ನು ಕಡಿಮೆ ಮಾಡಿದೆ. ಅದೂ ನಿಮಗೆ ಬೇಕಾಗಿತ್ತು.

ನನಗೆ ಉಳಿದಿದ್ದು ದೀಪಾವಳಿಯ ಆ ಒಂದು ಡಬ್ಬಿ. ವರ್ಷಕ್ಕೊಮ್ಮೆ ಅವ್ವ ತನ್ನ ಕೈಯಾರೆ ಹಿಟ್ಟು ನಾದಿ, ಭಟ್ಟಿಗೆ ಹೋಗಿ ಬೇಯಿಸಿ ಕಳಿಸುತ್ತಿದ್ದಳು. ಬಾಯಿಗೆ ಇಟ್ಟರೆ ಕರಗುತ್ತಿತ್ತು. ನೀವು ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ್ದು ನೆನಪಿದೆಯೇ? ಅಣ್ಣ ಅದನ್ನು ಕಲ್ಲಿನಿಂದ ಒಡೆದು ತಿಂದಿದ್ದ. ಆ ಹದ ನಿಮಗೆ ಈ ಜನ್ಮದಲ್ಲಿ ಬರುವುದಿಲ್ಲ. ಹೋದ ವರ್ಷ ಅವಳು ಕಳಿಸಿದ ಡಬ್ಬಿಯಲ್ಲಿ ಇನ್ನೂ ನಾಲ್ಕು ಬಿಸ್ಕೀಟು ಉಳಿಸಿಕೊಂಡಿದ್ದೇನೆ. ಅವಳು ಹೋದ ಮೇಲೆ ತಿನ್ನಲು ಮನಸ್ಸಾಗಲಿಲ್ಲ. ಅವ್ವನ ಕೈಯದು ಅಂತ ನನ್ನ ಹತ್ತಿರ ಇರುವುದು ಅಷ್ಟೇ. ನೀವು ಅವಳ ಗುರುತನ್ನೂ ಬಿಡಲಿಲ್ಲ.

ಯಾರಿಗೆ ಬೇಯಿಸಿದಿರಿ? ಈಗ ಕೇಳುತ್ತಿದ್ದೇನೆ. ಹೇಳಿ.

ಅನುಸೂಯಾ


ಗಂಗಾವತಿ
೨ ನವೆಂಬರ್ ೨೦೨೫

ಅನುಸೂಯಾ,

ಕೇಳಿದೆಯಲ್ಲ, ತಗೋ. ನಿನಗೇ ಬೇಯಿಸಿದ್ದು. ಮೂರು ಕಿಲೋ ಡಬ್ಬಿ, ಮೇಲೆ ನಿನ್ನ ಹೆಸರು ಬರೆದ ಚೀಟಿ. ಭಾನುವಾರ ಕತ್ತಲಾಗುವತನಕ ನೀನು ಬರುತ್ತೀ ಎಂದು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಇನ್ನೂ ಇದೆ. ನಿನ್ನವ್ವ ಹಿಟ್ಟು ನಾದಿ ಎಂಟು ವರ್ಷವಾಗಿತ್ತು. ಹೆದ್ದಾರಿ ದಾಟುವಾಗ ಬಿದ್ದು ಬಲಗೈ ಮುರಿದದ್ದು ನಿನಗೆ ಗೊತ್ತು. ಕಟ್ಟು ಬಿಚ್ಚಿದ ಮೇಲೆ ಬೆರಳು ಮಡಚಲು ಬರದೇ ಹೋದದ್ದು ನಿನಗೆ ಗೊತ್ತಿಲ್ಲ. ತಂಬಿಗೆ ಹಿಡಿಯಲು ಬರುತ್ತಿರಲಿಲ್ಲ. ಸೀರೆಯ ನಿರಿಗೆ ನಾನು ಹಿಡಿಯುತ್ತಿದ್ದೆ. ತುತ್ತು ನಾನು ಮಾಡಿಡುತ್ತಿದ್ದೆ, ಎಡಗೈಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಎಂಟು ದೀಪಾವಳಿ ನೀನು ತಿಂದದ್ದು ಕಲ್ಲಿನಿಂದ ಒಡೆಯಬೇಕಾದ ಬಿಸ್ಕೀಟು ಮಾಡಿದ ಈ ರೇಣುಕಮ್ಮನ ಕೈಯದು. ಅವಳು ಭಟ್ಟಿಯ ಮುಂದೆ ಕೂತು "ಇನ್ನಷ್ಟ ನಾದು, ಇನ್ನಷ್ಟ ನಾದು, ಅಕಿಗೆ ಗೊತ್ತಾಗ್ತೈತಿ" ಅನ್ನುತ್ತಿದ್ದಳು. ನನ್ನ ರಟ್ಟೆ ಬೀಳುತ್ತಿದ್ದವು. ಗುರುತು ಒತ್ತುತ್ತಿದ್ದದ್ದೂ ನನ್ನ ಹೆಬ್ಬೆರಳೇ. ಯಾರನ್ನು ಕೇಳಿ ಒತ್ತಿದೆ ಅನ್ನುತ್ತೀಯಲ್ಲ, ನಿನ್ನವ್ವನೇ ಹೇಳಿ ಒತ್ತಿಸಿದ್ದಳು.

ನಿನಗೆ ಹೇಳಬಾರದೆಂದು ಹುಲಿಗೆಮ್ಮ ದೇವಿಯ ಮೇಲೆ ಆಣೆ ಹಾಕಿಸಿಕೊಂಡಿದ್ದಳು. "ಹೇಳಿದ್ರ ನನ್ನ ಕರಕೊಂಡು ಹೋಗ್ತೀನಿ ಅಂತಾಳ. ಅಕಿದು ಒಂದ ಖೋಲಿ, ಅಕಿ ಗಂಡ ದುರಗೇಶಂದು ಹಂತಾ ಸ್ವಭಾವ. ಅಕಿ ಸಂಸಾರ ನಾ ಕೆಡಸಾಂಗಿಲ್ಲ" ಅಂದಳು. ನಾಲ್ಕರ ಬಸ್ಸಿನ ಮಾತು ಅವಳದೇ. ಊಟದ ಹೊತ್ತಿನತನಕ ನೀನು ಕೂತರೆ ಎಡಗೈ ಗುಟ್ಟು ರಟ್ಟಾಗುತ್ತಿತ್ತು.

ನಾಲ್ಕು ಬಿಸ್ಕೀಟು ಉಳಿಸಿಕೊಂಡಿದ್ದೀಯಲ್ಲ, ಅವೂ ನನ್ನವೇ. ತಿಂದಾದರೂ ತಿನ್ನು, ಬೀದಿಗಾದರೂ ಒಗೆ.

ರೇಣುಕಮ್ಮ


ಗಂಗಾವತಿ
೧೩ ನವೆಂಬರ್ ೨೦೨೫

ಅನುಸೂಯಾ,

ಹನ್ನೊಂದು ದಿನ ಹೂವಿನ ಅಂಗಡಿಗೆ ಹೋಗಿ ಕೇಳಿ ಕೇಳಿ ಬಂದೆ. ಕಾಗದ ಇಲ್ಲ. ಇವತ್ತು ಮೆಹಬೂಬಬೀ ಸಂತೆಯಲ್ಲಿ ಸಿಕ್ಕಳು. "ನಿನ ನಾದಿನಿ ಶುಕ್ರವಾರ ಬಂದಿದ್ಳಲ್ಲ, ಆರಾಮ ಅದಾಳ?" ಅಂದಳು. ಕಾಯಿಪಲ್ಲೆಯ ಚೀಲ ಮನೆಯಲ್ಲಿ ಇಟ್ಟು ಇದನ್ನು ಬರೆಯಲು ಕೂತೆ.

ನನ್ನ ಮಾತು ನಂಬದೆ ಭಟ್ಟಿಯತನಕ ಹೋಗಿ ಸಾಕ್ಷಿ ಕೇಳಿದೆಯಾ? ಪೊಲೀಸರೂ ಕಳ್ಳನ ಮನೆಗೆ ಬಂದು ಒಂದು ಮಾತು ಕೇಳುತ್ತಾರೆ. ಭಟ್ಟಿಯಿಂದ ನಮ್ಮ ಮನೆಗೆ ಎರಡು ಓಣಿ. ಒಂದು ಬಿಂದಿಗೆ ನೀರು ಹೊತ್ತು ತರುವಷ್ಟು ದೂರ. ನೀನು ಹಾಗೇ ತಿರುಗಿ ಬಸ್ ಹತ್ತಿ ಹೋದೆ. ಅವತ್ತು ನಾನು ಕೊಯ್ಲಿನ ಕೂಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಇದ್ದೆ.

ಸುಕನ್ಯಾ ಆ ಫೋಟೋ ಅಳಿಸಿದಳು. ತನ್ನ ಮದುವೆ ತನ್ನ ಕೈಯಿಂದಲೇ ಕೆಟ್ಟಿತು ಅಂತ ಊಟ ಬಿಟ್ಟಿದ್ದಾಳೆ. ಸಿದ್ದಾಪುರದವರು ಎರಡು ಸಲ ಫೋನ್ ಮಾಡಿದರು. ಎಣ್ಣೆ ಏರದ ಮನೆಯಲ್ಲಿ ಅವರು ಎಲೆ ಅಡಿಕೆ ಮುಟ್ಟುವುದಿಲ್ಲ. ಮುಂದಿನ ವರ್ಷ ಅಂದರೆ ಹುಡುಗನಿಗೆ ಬೇರೆ ಕಡೆ ನೋಡುತ್ತಾರಂತೆ, ಬಾಯಿ ಬಿಟ್ಟೇ ಹೇಳಿದರು. ನಿನ್ನ ಸಿಟ್ಟು ನನ್ನ ಮೇಲೆ, ಹೊಡೆತ ಆ ಹುಡುಗಿಗೆ.

ನೀನು ಬರದಿದ್ದರೆ ಬಿಡು. ಹುಲಿಗಿಯಲ್ಲಿ ಅತ್ತೆಯ ತಂಗಿಯ ಮಗಳು ಫಕೀರಮ್ಮ ಇದ್ದಾಳೆ. ಅವಳೂ ಮಗಳ ಸಮಾನವೇ. ಅವಳ ಕೈಯಿಂದ ಎಣ್ಣೆ ಇಡಿಸುತ್ತೇನೆ. ಹೇಳಿ ಕಳಿಸಿಯೂ ಆಗಿದೆ. ಆಮೇಲೆ ಈ ಮನೆಗೆ ಮಗಳು ಯಾರು ಅಂದರೆ ಅವಳ ಹೆಸರು ಹೇಳುತ್ತೇವೆ.

ರೇಣುಕಮ್ಮ


ಕುಷ್ಟಗಿ
೧೭ ನವೆಂಬರ್ ೨೦೨೫

ಅತ್ತಿಗೆ,

ಹೌದು, ಬಂದಿದ್ದೆ. ಕೇಳಿದೆ. ನೀವು ಸುಳ್ಳು ಹೇಳಿದ್ದೀರಿ ಎಂದು ಮೆಹಬೂಬಬೀ ಒಂದು ಮಾತು ಹೇಳಲಿ, ಅಲ್ಲಿಂದಲೇ ನಿಮ್ಮ ಮನೆಗೆ ಬಂದು ಓಣಿಯ ಮುಂದೆ ನಿಮ್ಮ ಮಾನ ತೆಗೆಯಬೇಕು ಅಂತಲೇ ಬಂದಿದ್ದೆ. ಅವಳು ನನಗೊಂದು ಮಣೆ ಕೊಟ್ಟಳು. "ನಿಮ್ಮವ್ವ ಇಲ್ಲೇ ಕುಂದರತಿದ್ಳು, ಆ ಹೆಣಮಗಳು ನಾದತಿದ್ಳು" ಅಂದಳು. ಕೇಳದಿದ್ದರೂ ಹೇಳುತ್ತಲೇ ಹೋದಳು. ಬೆರಳು ಹೇಗೆ ಸೆಟೆದಿದ್ದವು ಎಂಬುದನ್ನು ತನ್ನ ಕೈಯಲ್ಲಿ ಮಾಡಿ ತೋರಿಸಿದಳು.

ಎಂಟು ವರ್ಷ ಅವ್ವ ಫೋನಿನಲ್ಲಿ, "ಈ ಸಲ ಹಿಟ್ಟು ಭಾಳ ನಾದಿದ್ನೆವಾ, ರಟ್ಟಿ ಹಿಡಕೊಂಡಾವ" ಅನ್ನುತ್ತಿದ್ದಳು. ನಾನು, "ಯಾಕ ಹಂಗ ಮಾಡ್ತಿಬೇ, ಅತ್ತಿಗಿ ಕೂತು ತಿಂತಾಳೇನು?" ಅನ್ನುತ್ತಿದ್ದೆ. ನೀವು ಅಲ್ಲೇ ಪಕ್ಕದಲ್ಲಿ ಇರುತ್ತಿದ್ದಿರಿ, ಅಲ್ಲವೇ? ಸ್ಪೀಕರ್ ಹಾಕಿ ಕೇಳುತ್ತಿದ್ದಿರಿ. ಅವಳಿಗೆ ಫೋನ್ ಹಿಡಿಯಲೂ ಬರುತ್ತಿರಲಿಲ್ಲವಲ್ಲ, ಹಿಡಿದುಕೊಂಡಿದ್ದವರು ನೀವೇ ಇರಬೇಕು. ಕೇಳಿಯೂ ಸುಮ್ಮನಿದ್ದಿರಿ. ಅದನ್ನು ನಾನು ನಿಮ್ಮ ದೊಡ್ಡತನ ಅನ್ನುವುದಿಲ್ಲ. ಒಂದು ಸಲ ನನ್ನ ಕಪಾಳಕ್ಕೆ ಹೊಡೆದ ಹಾಗೆ ನಿಜ ಹೇಳಿದ್ದರೆ ನಾನು ಅವ್ವನ ಕೈ ಹಿಡಿದು ನೋಡುತ್ತಿದ್ದೆ. ಈಗ ಹೇಳಿದಿರಿ, ಹಿಡಿಯಲು ಕೈ ಇಲ್ಲದಾಗ.

ನಾನು ಬಂದಾಗೆಲ್ಲ ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂರುತ್ತಿದ್ದಳು. ಚಳಿ ಅನ್ನುತ್ತಿದ್ದಳು. ಗಂಗಾವತಿಯಲ್ಲಿ, ಮೇ ತಿಂಗಳಲ್ಲಿ. ನಾನು ತೊಂಬತ್ತು ಹುಡುಗಿಯರಿಗೆ ಬಡಿಸುವವಳು ಅತ್ತಿಗೆ. ಯಾವ ಹುಡುಗಿ ಅರ್ಧ ರೊಟ್ಟಿ ಬಿಟ್ಟು ಎದ್ದಳು ಎಂಬುದು ನನ್ನ ಕಣ್ಣಿಗೆ ತಪ್ಪುವುದಿಲ್ಲ. ಹೆತ್ತವಳ ಕೈ ಎಂಟು ವರ್ಷ ಕಣ್ಣಿಗೆ ಬೀಳಲಿಲ್ಲ. ಇದಕ್ಕೆ ನಿಮ್ಮನ್ನು ಬೈಯಬೇಕೆಂದು ಹತ್ತು ದಿನ ಹುಡುಕಿದೆ, ಬೈಯಲು ನಿಮ್ಮ ತಪ್ಪು ಸಿಗಲಿಲ್ಲ. ಅದಕ್ಕೂ ನಿಮ್ಮ ಮೇಲೆ ಸಿಟ್ಟು ಬಂತು.

ನಿಮ್ಮ ಓಣಿಯ ತಿರುವಿನತನಕ ಬಂದಿದ್ದೆ. ನೀವು ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಾ ಕೂತಿದ್ದಿರಿ. ಅಲ್ಲಿಂದಲೇ ತಿರುಗಿದೆ. ನಿಮ್ಮ ಮುಂದೆ ಅಳುವುದಕ್ಕಿಂತ ಬಸ್ಸಿನಲ್ಲಿ ಅತ್ತರೆ ವಾಸಿ ಅನಿಸಿತು.

ಫಕೀರಮ್ಮನನ್ನು ಕರೆಸಿದ್ದೀರಲ್ಲ, ಇಡಿಸಿ. ನನಗೆ ಮಗಳ ಹೆಸರು ಹೇಳಿಕೊಳ್ಳಲು ಮುಖವಿಲ್ಲ. ಸುಕನ್ಯಾಳಿಗೆ ಊಟ ಮಾಡಲು ಹೇಳಿ.

ಅನುಸೂಯಾ


ಗಂಗಾವತಿ
೨೦ ನವೆಂಬರ್ ೨೦೨೫

ಅನುಸೂಯಾ,

ಫಕೀರಮ್ಮನಿಗೆ ನಾನು ಹೇಳಿ ಕಳಿಸಿಲ್ಲ. ನಿನ್ನ ಹೊಟ್ಟೆ ಉರಿಯಲಿ ಅಂತ ಬರೆದೆ. ಅವಳಿಗೆ ನಮ್ಮ ಮನೆಯ ದಾರಿಯೂ ಸರಿಯಾಗಿ ಗೊತ್ತಿಲ್ಲ.

ಸ್ಪೀಕರ್ ಹಾಕುತ್ತಿದ್ದದ್ದು ನಿಜ. ಫೋನ್ ಹಿಡಿಯುತ್ತಿದ್ದದ್ದೂ ನಾನೇ. ನೀನು "ಅತ್ತಿಗಿ ಕೂತು ತಿಂತಾಳೇನು" ಅಂದಾಗ ನಿನ್ನವ್ವ ನನ್ನ ಮುಖ ನೋಡಿ ತಲೆ ತಗ್ಗಿಸುತ್ತಿದ್ದಳು. ಒಂದು ಸಲವೂ ನಿನಗೆ, "ಹಂಗನಬ್ಯಾಡ" ಅನ್ನಲಿಲ್ಲ. ಅದು ನನ್ನ ಎದೆಯಲ್ಲಿ ಉಳಿದಿದೆ. ಎಂಟು ವರ್ಷ ಉಳಿದದ್ದನ್ನು ಆ ಕಾಗದದಲ್ಲಿ ನಿನ್ನ ಮುಖಕ್ಕೆ ಎಸೆದೆ. ಹುಲಿಗೆಮ್ಮನ ಆಣೆ ಮುರಿದೆ. ಬರೆದದ್ದು ಸುಳ್ಳಲ್ಲ, ಆದರೆ ನಿನ್ನನ್ನು ನೋಯಿಸಬೇಕೆಂದೇ ಬರೆದೆ. ಅದಕ್ಕೆ ತಪ್ಪಾಯಿತು ಅನ್ನಲು ನನಗೆ ಇನ್ನೂ ಬಾಯಿ ಬರುತ್ತಿಲ್ಲ, ನೀನೂ ಕಾಯಬೇಡ.

ಸತ್ತವಳು ನನಗೆ ಅತ್ತೆ, ನಿನಗೆ ಅವ್ವ. ನಾನು ಎಷ್ಟು ನಾದಿದರೂ ಅದು ಬದಲಾಗುವುದಿಲ್ಲ. ಭಾನುವಾರ ಒಲೆ ಸಾರಿಸಿ, ಬಾಣಲೆ ಪಕ್ಕಕ್ಕೆ ಇಟ್ಟಿರುತ್ತೇನೆ. ನೀನು ಬರುವತನಕ ಯಾರೂ ಮುಟ್ಟುವುದಿಲ್ಲ. ಬರದಿದ್ದರೆ ಸಂಜೆಗೆ ತೆಗೆದು ಒಳಗೆ ಇಡುತ್ತೇನೆ. ನಿಶ್ಚಯ ತಪ್ಪಿದರೆ ತಪ್ಪಲಿ. ಬೇರೆಯವರ ಕೈಯಿಂದ ಎಣ್ಣೆ ಇಡಿಸಿ ನಿನ್ನನ್ನು ಈ ಮನೆಯಿಂದ ತೆಗೆದುಹಾಕಿದವಳು ಅನ್ನಿಸಿಕೊಳ್ಳಲು ನನ್ನಿಂದಾಗುವುದಿಲ್ಲ. ಸುಕನ್ಯಾಳಿಗೂ ಹಾಗೆಯೇ ಹೇಳಿದ್ದೇನೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ರೇಣುಕಮ್ಮ


ಕುಷ್ಟಗಿ
೨೨ ನವೆಂಬರ್ ೨೦೨೫, ಶನಿವಾರ

ಅತ್ತಿಗೆ,

ಮದಾರಸಾಬನಿಗೆ ಇವತ್ತಿನ ಮಧ್ಯಾಹ್ನದ ಟ್ರಿಪ್ಪಿನಲ್ಲೇ ಇದನ್ನು ಮುಟ್ಟಿಸಲು ಹೇಳಿದ್ದೇನೆ.

ನಾಳೆ ಬೆಳಗಿನ ಏಳರ ಬಸ್ಸಿಗೆ ಬರುತ್ತೇನೆ. ಅವ್ವನಿಗಾಗಿ, ಸುಕನ್ಯಾಳಿಗಾಗಿ ಬರುತ್ತೇನೆ, ನಿಮಗಾಗಿ ಅಲ್ಲ. ಇದು ನಿಮಗೆ ಗೊತ್ತಿರಲಿ. ಅಣ್ಣನನ್ನು ಬಸ್ ಸ್ಟ್ಯಾಂಡಿಗೆ ಕಳಿಸಬೇಡಿ, ದಾರಿ ಗೊತ್ತಿದೆ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಅಪ್ಪಿಕೊಂಡು ಅಳಬೇಡಿ, ಓಣಿಯವರಿಗೆ ತಮಾಷೆಯಾಗುತ್ತದೆ. ಹೋದ ತಿಂಗಳಿಂದ ಬರೆದ ಮಾತುಗಳಲ್ಲಿ ಒಂದನ್ನೂ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ನೀವೂ ತೆಗೆದುಕೊಳ್ಳಬೇಡಿ. ಜಗಳ ಹಾಗೇ ಇರಲಿ.

ಒಲೆ ನಾನು ಹಚ್ಚುತ್ತೇನೆ. ಬಾಣಲೆ ನಾನು ಏರಿಸುತ್ತೇನೆ, ಎಣ್ಣೆ ನಾನು ಸುರಿಯುತ್ತೇನೆ. ಕರ್ಚಿಕಾಯಿಗೆ ಹಿಟ್ಟನ್ನು ಮಾತ್ರ ನೀವೇ ನಾದಿ ಇಡಿ. ಅವ್ವನ ಹದ ನನಗೆ ಬರುವುದಿಲ್ಲ.

ಅನುಸೂಯಾ